ಸ್ಥಳೀಯ ಪತ್ರಿಕೋದ್ಯಮ ಫೆಲೋಶಿಪ್ ಎಂದರೇನು? ಕೊಡಗಿಗೆ ಅದು ಏಕೆ ಬೇಕು?

ಪತ್ರಿಕೋದ್ಯಮ ಓದಿ ಆಗಷ್ಟೇ ಹೊರಬಂದವರನ್ನು ಒಂದೆರಡು ವರ್ಷದ ಮಟ್ಟಿಗೆ ಸಣ್ಣ ಊರಿನ ಪತ್ರಿಕೆಗೋ ಬಾನುಲಿಗೋ ವರದಿಗಾರರಾಗಿ ಕಳುಹಿಸಿ, ಅವರ ಸಂಬಳವನ್ನು ಸಾರ್ವಜನಿಕ ಹಣದಿಂದ ಕೊಡುವ ಏರ್ಪಾಡು ಇದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2022ರಲ್ಲಿ ಇದಕ್ಕೆ 2.5 ಕೋಟಿ ಡಾಲರ್ ಕೊಟ್ಟಿತು. ಹಣ ಹೋದದ್ದು ಬರ್ಕ್ಲಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗಕ್ಕೆ. ಯೋಜನೆಯನ್ನು ನಡೆಸುವವರೂ ಅಲ್ಲಿನವರೇ. ಬ್ರಿಟನ್ನಿನಲ್ಲಿ ಬಿಬಿಸಿ, ಹೊಸಬರಿಗೇ ಮೀಸಲಿಡದೆ, ಟಿವಿ ನೋಡುವ ಮನೆಗಳು ಕಟ್ಟುವ ಲೈಸೆನ್ಸ್ ಶುಲ್ಕದ ಹಣದಿಂದ ಸ್ಥಳೀಯ ಆಡಳಿತದ ವರದಿಗೆಂದೇ ಸುದ್ದಿಗಾರರನ್ನು ಪೋಷಿಸುತ್ತಿದೆ.

ಕೊಡಗು ಓದುಗರಿಗೆ ಕೊರತೆಯಿರುವ ಜಿಲ್ಲೆಯಲ್ಲ. ಮಡಿಕೇರಿಯಿಂದ 'ಶಕ್ತಿ' ದಿನಪತ್ರಿಕೆ 1957ರಿಂದ ಬರುತ್ತಿದೆ. ಕೊರತೆಯಿರುವುದು ಸುದ್ದಿಯ ಬೆನ್ನು ಹತ್ತುವವರ ಬಿಡುವಿಗೆ. ಸಿದ್ದಾಪುರದ ಕಡೆಯ ಕಾಫಿ ತೋಟದಲ್ಲಿ ಕಾಡಾನೆ ದಾಳಿಗೆ ಕಾರ್ಮಿಕರೊಬ್ಬರು ಬಲಿಯಾದರೆ ಮರುದಿನ ಹೆಸರು, ವಯಸ್ಸು, ಅರಣ್ಯಾಧಿಕಾರಿಗಳ ಭೇಟಿ, ರಸ್ತೆ ತಡೆ ಎಲ್ಲವೂ ಅಚ್ಚಾಗುತ್ತದೆ. ಪರಿಹಾರದ ಕಡತ ಯಾವ ಮೇಜಿನಲ್ಲಿ ನಿಂತಿತು? ವಾರಸುದಾರರು ಅಸ್ಸಾಮಿನಲ್ಲಿದ್ದರೆ ಹಣ ಅವರಿಗೆ ಮುಟ್ಟಿತೇ? ಆ ಬದಿಯ ಸೋಲಾರ್ ಬೇಲಿ ಎಷ್ಟು ದಿನದಿಂದ ಕೆಟ್ಟಿತ್ತು? ಇವಕ್ಕೆ ಉತ್ತರ ಬೇಕಾದರೆ ವಾರಗಟ್ಟಲೆ ಅಲೆಯಬೇಕು. ತಾಲ್ಲೂಕುಗಳಲ್ಲಿ ಬರೆಯುವ ಹಲವರು ಅರೆಕಾಲಿಕರು. ಸಿಗುವ ಗೌರವಧನ ಪೆಟ್ರೋಲಿಗೂ ಸಾಲದು. ವಿಶೇಷಾಂಕ ಬಂತೆಂದರೆ ಜಾಹೀರಾತು ತರುವ ಹೊಣೆಯೂ ಅವರ ಹೆಗಲಿಗೇ ಬೀಳುತ್ತದೆ. ಜಾಹೀರಾತು ಕೊಟ್ಟ ಎಸ್ಟೇಟಿನ ಲೈನ್ ಮನೆಗಳು, ಅಂದರೆ ಕಾರ್ಮಿಕರ ಸಾಲುಮನೆಗಳು, ಸೋರುತ್ತಿವೆ ಎಂದು ಅದೇ ವ್ಯಕ್ತಿ ಹೇಗೆ ಬರೆದಾರು?

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜರಿದಾಗ ಹೊರಗಿನ ಕ್ಯಾಮೆರಾಗಳು ಸಾಲುಗಟ್ಟಿ ಬಂದವು, ಮಳೆ ನಿಂತ ಮೇಲೆ ಹೋದವು. ಮನೆ ಹಂಚಿಕೆಯ ಪಟ್ಟಿಯನ್ನು ಹೆಸರು ಹೆಸರಾಗಿ ಓದುವ ಕೆಲಸ ಶುರುವಾದದ್ದೇ ಆಮೇಲೆ. ಅಂಥ ಕೆಲಸಕ್ಕೆ ತಿಂಗಳ ಸಂಬಳವಿರುವ, ಊರಲ್ಲೇ ಉಳಿಯುವ ಒಬ್ಬರು ಬೇಕು.

ಸರ್ಕಾರದ ಅನ್ನ ಉಂಡವರು ಸರ್ಕಾರವನ್ನು ಪ್ರಶ್ನಿಸುತ್ತಾರೆಯೇ ಎಂಬ ಅನುಮಾನ ನ್ಯಾಯವಾದದ್ದೇ. ಆದರೆ ಪತ್ರಿಕೆಗಳು ಈಗಲೂ ಸರ್ಕಾರಿ ಜಾಹೀರಾತನ್ನು ನೆಚ್ಚಿಕೊಂಡಿವೆ, ಅದನ್ನು ಕೊಡುವ ಬಿಡುವ ಅಧಿಕಾರ ಸರ್ಕಾರದ ಕೈಯಲ್ಲೇ ಇದೆ. ಫೆಲೋಶಿಪ್‌ನ ಇಡೀ ಮೊತ್ತವನ್ನು ಮೊದಲೇ ಒಂದು ಸ್ವತಂತ್ರ ಸಂಸ್ಥೆಗೆ ಒಪ್ಪಿಸಿಬಿಟ್ಟರೆ, ಅಪ್ರಿಯ ವರದಿ ಬಂದ ದಿನ ನಲ್ಲಿ ತಿರುಗಿಸಿ ನಿಲ್ಲಿಸಲು ಮಂತ್ರಿಗಾಗಲಿ ಅಧಿಕಾರಿಗಾಗಲಿ ಸಾಧ್ಯವಾಗದು. ಇಂಥ ಕಟ್ಟುಪಾಡು ಇಲ್ಲದಿದ್ದರೆ ಯೋಜನೆಯೇ ನಮಗೆ ಬೇಡ.

ನನಗೆ ಹೆಚ್ಚು ಕಾಡುವುದು ಅವಧಿ ಮುಗಿದ ಮೇಲಿನ ಮಾತು. ಅಷ್ಟರಲ್ಲಿ ಪಳಗಿದ ವರದಿಗಾರ್ತಿಯನ್ನು ಉಳಿಸಿಕೊಳ್ಳಲು ಪತ್ರಿಕೆಯ ಬಳಿ ಹಣವಿಲ್ಲದಿದ್ದರೆ ಆಕೆ ಬೆಂಗಳೂರಿನ ಬಸ್ ಹತ್ತುತ್ತಾಳೆ. ದೇಣಿಗೆಯಿಂದ ನಡೆಯುವ 'ರಿಪೋರ್ಟ್ ಫಾರ್ ಅಮೆರಿಕ' ಮೊದಲ ವರ್ಷ ಸುಮಾರು ಅರ್ಧ ಸಂಬಳ ಕೊಟ್ಟು, ನಂತರ ತನ್ನ ಪಾಲನ್ನು ಇಳಿಸುತ್ತದೆ. ಉಳಿದುದನ್ನು ಪತ್ರಿಕೆಯೂ ಊರಿನ ದಾನಿಗಳೂ ಹೊಂದಿಸಬೇಕು. ಕೊಡಗಿನಲ್ಲಿ ಮೊದಲ ವರ್ಷ ಪೂರ್ತಿ ಸಂಬಳ ಕೊಟ್ಟು, ಎರಡನೆಯ ವರ್ಷದಿಂದ ಪತ್ರಿಕೆಯ ಪಾಲನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಬಹುದು.