ಕಾಕ್ಲಿಯರ್ ಇಂಪ್ಲಾಂಟ್: ಆಡಿಯೋಗ್ರಾಮ್ ಸರಿಬಂದ ಮೇಲೆ ನೋಡಬೇಕಾದದ್ದು

ಕಾಕ್ಲಿಯರ್ ಇಂಪ್ಲಾಂಟ್ ಎಂದರೆ ಒಳಕಿವಿಯ ಕಾಕ್ಲಿಯಾದೊಳಗೆ ಎಲೆಕ್ಟ್ರೋಡ್ ಇಟ್ಟು, ಕರೆಂಟ್ ಮೂಲಕ ಶ್ರವಣ ನರಕ್ಕೆ ಸದ್ದು ಮುಟ್ಟಿಸುವ ಸಾಧನ. ಅದನ್ನು ಹಾಕಿದ ಕಿವಿಯ ಸೌಂಡ್ ಫೀಲ್ಡ್ ಆಡಿಯೋಗ್ರಾಮ್ (ಸ್ಪೀಕರ್‌ನಿಂದ ಸದ್ದು ಕೊಟ್ಟು, ಎಷ್ಟು ಮೆಲ್ಲನೆಯದು ಕೇಳುತ್ತದೆ ಎಂದು ಗುರುತಿಸಿದ ನಕ್ಷೆ) 25–35 ಡೆಸಿಬೆಲ್ ಆಸುಪಾಸಿನಲ್ಲಿ ಬಂದರೆ ಕೆಲಸ ಮುಗಿಯಿತು ಅನ್ನಿಸಿಬಿಡುತ್ತದೆ. ಮೊದಲು 90 ಡೆಸಿಬೆಲ್ ದಾಟಿದ್ದ ಕಿವಿಗೂ ಈ ಮಟ್ಟ ಸಾಮಾನ್ಯವಾಗಿ ಸಿಗುತ್ತದೆ. ಆದರೆ ಅದರಿಂದ ತಿಳಿಯುವುದು ಸದ್ದು ಮುಟ್ಟಿತು ಎಂಬುದಷ್ಟೇ. ಮಾತು ತಿಳಿಯಿತೇ ಎಂದು ಬೇರೆಯಾಗಿಯೇ ಪರೀಕ್ಷಿಸಬೇಕು.

ಕಾರಣ ಇಷ್ಟು. ಆರೋಗ್ಯವಂತ ಕಾಕ್ಲಿಯಾದಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಸುಮಾರು 3,500 ಒಳ ರೋಮಕೋಶಗಳಿವೆ. ಇಂಪ್ಲಾಂಟ್‌ನಲ್ಲಿರುವುದು ತಯಾರಕರಿಗೆ ತಕ್ಕಂತೆ 12ರಿಂದ 22 ಎಲೆಕ್ಟ್ರೋಡ್. ಒಳಗಿನ ದ್ರವದಲ್ಲಿ ಕರೆಂಟ್ ಹರಡುವುದರಿಂದ ಅವೂ ಪೂರ್ತಿ ಬೇರೆ ಬೇರೆಯಾಗಿ ಕೆಲಸ ಮಾಡವು. ಸದ್ದಿನ ಉದ್ದ, ಏರಿಳಿತ ಚೆನ್ನಾಗಿ ದಾಟುತ್ತವೆ, ಸೂಕ್ಷ್ಮ ಆವರ್ತನ ವ್ಯತ್ಯಾಸ ಮಸುಕಾಗುತ್ತದೆ. ಹಾಗಾಗಿ ಹಳೆ–ಹಾಳೆ ಬೇಗ ಹಿಡಿತಕ್ಕೆ ಬರುತ್ತವೆ. ಬಲೆ–ಬಳೆ, ಮನೆ–ಮಣೆ ತಿಂಗಳುಗಟ್ಟಲೆ ಕಾಡುತ್ತವೆ. ಸ್ವರದ ಉದ್ದದಲ್ಲೇ ತಪ್ಪು ಬೀಳುತ್ತಿದ್ದರೆ ಮ್ಯಾಪ್ ಅನ್ನು, ಅಂದರೆ ಯಾವ ಎಲೆಕ್ಟ್ರೋಡ್‌ಗೆ ಎಷ್ಟು ಕರೆಂಟ್ ಎಂಬ ಹೊಂದಾಣಿಕೆಯನ್ನು, ಮೊದಲು ಅನುಮಾನಿಸಿ.

ಪದಪರೀಕ್ಷೆಗೆ ಎರಡಕ್ಷರದ ಕನ್ನಡ ಪದಪಟ್ಟಿ ಬಳಸಿ. ಮಟ್ಟ 65 ಡೆಸಿಬೆಲ್, ತುಟಿ ಕಾಣಬಾರದು, ಇನ್ನೊಂದು ಕಿವಿಯಲ್ಲಿ ಕೇಳ್ಮೆ ಉಳಿದಿದ್ದರೆ ಅದನ್ನು ಮುಚ್ಚಿರಬೇಕು. ಸರಿ–ತಪ್ಪು ಗುರುತಷ್ಟೇ ಹಾಕದೆ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ. ಮುಂದಿನ ಮ್ಯಾಪಿಂಗ್‌ಗೆ ಅಂಕಕ್ಕಿಂತ ಆ ತಪ್ಪುಗಳೇ ಹೆಚ್ಚು ಉಪಯೋಗ. ಆಮೇಲೆ ಗದ್ದಲದಲ್ಲೂ ಮಾಡಿ. ನಿಶ್ಶಬ್ದ ಕೋಣೆಯ ಒಳ್ಳೆಯ ಅಂಕ ತರಗತಿಯ ಗಲಾಟೆಯಲ್ಲಿ ಕುಸಿಯುವುದು ಸಾಮಾನ್ಯ.

ನಮ್ಮ ಕೋಲಾರದ ಕಡೆ ಒಂದು ಎಚ್ಚರ ಬೇಕು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಅಂಥ ಮಗುವಿಗೆ ಕನ್ನಡ ಪಟ್ಟಿ ಕೊಟ್ಟರೆ, ಪದ ಗೊತ್ತಿಲ್ಲದ್ದೂ ಕೇಳಿಸದ ಲೆಕ್ಕಕ್ಕೆ ಸೇರುತ್ತದೆ. ಮನೆಯಲ್ಲಿ ತೆಲುಗು ಬಿಡಿ ಎಂದು ತಾಯಿಗೆ ಹೇಳುವುದು ನನ್ನ ಮಟ್ಟಿಗೆ ದೊಡ್ಡ ತಪ್ಪು. ಆಕೆಗೆ ಸರಾಗವಾಗಿ ಬರುವ ಭಾಷೆಯಲ್ಲೇ ಮಗುವಿಗೆ ದಿನವಿಡೀ ಮಾತು ಸಿಗಬೇಕು.

ಫಲಿತಾಂಶ ಎಲ್ಲರಿಗೂ ಒಂದೇ ಅಲ್ಲ. ಹುಟ್ಟುಕಿವುಡು ಮಕ್ಕಳಲ್ಲಿ ಎರಡು ವರ್ಷದೊಳಗೆ ಹಾಕಿದರೆ ಭಾಷೆಗೆ ಹೆಚ್ಚು ಅನುಕೂಲ. ಮಾತು ಕಲಿತ ಮೇಲೆ ಕಿವಿ ಹೋದ ದೊಡ್ಡವರಲ್ಲಿ ಮೊದಲ 3–6 ತಿಂಗಳಲ್ಲೇ ಹೆಚ್ಚಿನ ಸುಧಾರಣೆ ಕಾಣುತ್ತದೆ. ಕಿವುಡಾಗಿದ್ದ ವರ್ಷಗಳು ಹೆಚ್ಚಿದಷ್ಟೂ ಲಾಭ ಕಡಿಮೆಯಾಗುವ ಸಂಭವ. ಹುಟ್ಟಿನಿಂದ ಕೇಳದೆ, ಶ್ರವಣಯಂತ್ರವನ್ನೂ ಬಳಸದೆ ಬೆಳೆದ ವಯಸ್ಕರಿಗೆ ಸದ್ದಿನ ಅರಿವು, ತುಟಿ ಓದಲು ನೆರವು ಸಿಗಬಹುದು. ಬರೀ ಕೇಳಿ ಮಾತು ತಿಳಿಯುವುದು ಬಹುಮಟ್ಟಿಗೆ ಕಷ್ಟ. ಇದನ್ನು ಆಪರೇಷನ್‌ಗೆ ಮೊದಲೇ ಮನೆಯವರ ಮುಂದೆ ಬಿಡಿಸಿ ಹೇಳಬೇಕು. ಮೆನಿಂಜೈಟಿಸ್‌ನಿಂದ (ಮಿದುಳಿನ ಪೊರೆಯ ಉರಿಯೂತ) ಕಿವಿ ಹೋದವರಲ್ಲಿ ಕಾಕ್ಲಿಯಾದೊಳಗೆ ಬೇಗ ಮೂಳೆ ಕಟ್ಟಬಹುದು, ಆಮೇಲೆ ಎಲೆಕ್ಟ್ರೋಡ್ ಪೂರ್ತಿ ಒಳಹೋಗದು. ಅಲ್ಲಿ ತಡ ಮಾಡುವಂತಿಲ್ಲ.

ದಿನಾ ಬೆಳಿಗ್ಗೆ ಮನೆಯಲ್ಲಿ ಡೇನಿಯಲ್ ಲಿಂಗ್ ಎಂಬ ತಜ್ಞರು ರೂಪಿಸಿದ ಆರು ಧ್ವನಿಗಳ ಪರೀಕ್ಷೆ ಮಾಡಿ: ಮ್, ಊ, ಆ, ಈ, ಶ್, ಸ್. ಬಾಯಿ ಮರೆಮಾಡಿ ಹೇಳಿ, ಮಗು ತಿರುಗಿ ಹೇಳಬೇಕು. ಆರೂ ಕೇಳದಿದ್ದರೆ ಬ್ಯಾಟರಿ, ಕೇಬಲ್, ತಲೆಗೆ ಅಂಟುವ ಕಾಯಿಲ್ ನೋಡಿ. ಸ್ ಒಂದೇ ಬಿದ್ದುಹೋದರೆ ಮೈಕ್ ಮುಚ್ಚಳದಲ್ಲಿ ಧೂಳು ಕೂತಿರಬಹುದು, ಇಲ್ಲವೇ ಹೆಚ್ಚಿನ ಆವರ್ತನ ಹೊರುವ, ಕಾಕ್ಲಿಯಾದ ಬುಡದ ಎಲೆಕ್ಟ್ರೋಡ್‌ಗಳಲ್ಲಿ ತೊಂದರೆ. ಮ್, ಊ ತಪ್ಪಿದರೆ ತುದಿಯ ಎಲೆಕ್ಟ್ರೋಡ್‌ಗಳ ಕಡೆ ಗಮನ ಕೊಡಿ. ಮ್ಯಾಪಿಂಗ್‌ಗೆ ಕೂತಾಗಲೂ ಮೊದಲು ಇಂಪೀಡೆನ್ಸ್ (ಎಲೆಕ್ಟ್ರೋಡ್‌ನಲ್ಲಿ ಕರೆಂಟ್‌ಗಿರುವ ತಡೆ), ಆಮೇಲೆ ಡೇಟಾ ಲಾಗ್‌ನಲ್ಲಿ ದಿನಕ್ಕೆಷ್ಟು ಗಂಟೆ ಹಾಕಿದ್ದಾರೆ ಎಂಬುದು. ಟಿ (ಸದ್ದು ಕೇಳತೊಡಗುವ ಕರೆಂಟ್), ಸಿ (ಹಿತವಾಗಿ ಜೋರಾಗಿ ಕೇಳುವ ಕರೆಂಟ್) ಮಟ್ಟಗಳನ್ನು ಅದಾದ ಮೇಲಷ್ಟೇ ಮುಟ್ಟಿ. ಸಿ ಮಟ್ಟ ಏರಿಸುವಾಗ ಮುಖ ನೋಡುತ್ತಿರಿ, ಕೆನ್ನೆ ಅದುರಿದರೆ ಕರೆಂಟ್ ಮುಖದ ನರಕ್ಕೆ ಹೋಗುತ್ತಿದೆ. ಯಾವ ಎಲೆಕ್ಟ್ರೋಡ್ ಎಂದು ಹುಡುಕಿ ಅದರ ಮಟ್ಟ ಇಳಿಸಿ, ಆಗದಿದ್ದರೆ ಅದೊಂದನ್ನೇ ಆಫ್ ಮಾಡಿ.