ಅನುಮಾನದ ಅಟ್ಯಾಚ್‌ಮೆಂಟ್: ಕ್ಲಿಕ್ ಮಾಡುವ ಮುಂಚಿನ ಕೆಲಸ

ಅಟ್ಯಾಚ್‌ಮೆಂಟ್ ವಿಷಯ ಬಂದಾಗಲೆಲ್ಲ ಪಾಠಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಅಪರಿಚಿತರ ಫೈಲ್ ತೆರೆಯಬೇಡಿ. ಕೆಲಸದ ಜಾಗದಲ್ಲಿ ಈ ಸಾಲು ನಿಲ್ಲುವುದಿಲ್ಲ. ಎಚ್‌ಆರ್ ವಿಭಾಗಕ್ಕೆ ದಿನವೂ ಗುರುತಿಲ್ಲದವರ ರೆಸ್ಯೂಮೆ ಬರುತ್ತದೆ, ಅಕೌಂಟ್ಸ್‌ನವರಿಗೆ ಹೊಸ ಸಪ್ಲೈಯರ್‌ಗಳ ಬಿಲ್ಲು ಬರುತ್ತದೆ. ತೆರೆಯದಿದ್ದರೆ ಅವರ ಕೆಲಸವೇ ನಡೆಯದು. ಅತ್ತ ಪರಿಚಿತರ ಹೆಸರಿನಲ್ಲಿ ಬಂದದ್ದೇ ಎಷ್ಟೋ ಸಲ ಹೆಚ್ಚು ಅಪಾಯಕಾರಿ. ಆದ್ದರಿಂದ ಈ ಟಿಪ್ಪಣಿಯಲ್ಲಿ ನಾನು ಒತ್ತಿ ಹೇಳುವುದು ಇಷ್ಟು: ಫೈಲಿನ ಮುಖ ನೋಡಿ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಲು ನಮ್ಮಿಂದಾಗದು. ಆ ಮೇಲ್ ನಮ್ಮ ಕೈಯಿಂದ ಏನು ಮಾಡಿಸಲು ನೋಡುತ್ತಿದೆ ಎಂದು ಗಮನಿಸಬಹುದು, ಕಳಿಸಿದವರನ್ನು ಬೇರೆ ದಾರಿಯಲ್ಲಿ ಕೇಳಬಹುದು.

2011ರ ಎಕ್ಸೆಲ್ ಫೈಲ್

ಕಲಿಯುವವರು ಆರ್‌ಎಸ್‌ಎ ಪ್ರಕರಣವನ್ನು ಬಿಡದೆ ಓದಬೇಕು. ಬ್ಯಾಂಕು, ಕಂಪನಿಗಳ ಲಾಗಿನ್‌ಗೆ ಬಳಸುವ ಸೆಕ್ಯೂರ್‌ಐಡಿ ಟೋಕನ್ ತಯಾರಿಸುತ್ತಿದ್ದ ಸಂಸ್ಥೆ ಅದು, ಅಂದರೆ ಸುರಕ್ಷತೆಯೇ ಅದರ ವ್ಯಾಪಾರ. 2011ರ ಮಾರ್ಚ್‌ನಲ್ಲಿ ಅಲ್ಲಿನ ಕೆಲವು ಉದ್ಯೋಗಿಗಳಿಗೆ ನೇಮಕಾತಿ ಯೋಜನೆ ಎಂಬ ವಿಷಯದ ಒಂದು ಮೇಲ್ ಬಂತು. ಒಳಗಿದ್ದದ್ದು ಫೈಲ್ ತೆರೆದು ನೋಡಿ ಎನ್ನುವ ಧಾಟಿಯ ಚಿಕ್ಕ ಒಕ್ಕಣೆ, ಜೊತೆಗೊಂದು ಎಕ್ಸೆಲ್ ಫೈಲ್. ಮೇಲ್ ಫಿಲ್ಟರ್ ತನ್ನ ಕೆಲಸ ಸರಿಯಾಗಿಯೇ ಮಾಡಿ ಅದನ್ನು ಜಂಕ್ ಫೋಲ್ಡರ್‌ಗೆ ತಳ್ಳಿತ್ತು. ಒಬ್ಬ ಉದ್ಯೋಗಿ ಅಲ್ಲಿಂದ ಅದನ್ನು ಹೊರಗೆ ತೆಗೆದು ತೆರೆದರು. ಎಕ್ಸೆಲ್ ಒಳಗೆ ಅಡಗಿಸಿದ್ದ ಫ್ಲ್ಯಾಶ್ ತುಣುಕು, ಅದುವರೆಗೆ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಬಂದಿರದ ದೋಷವೊಂದನ್ನು ಬಳಸಿ, 'ಪಾಯ್ಸನ್ ಐವಿ' ಎಂಬ ಹಿಂಬಾಗಿಲ ಪ್ರೋಗ್ರಾಮ್ ಸ್ಥಾಪಿಸಿತು. ಟೋಕನ್‌ಗಳಿಗೆ ಸಂಬಂಧಿಸಿದ ಮಾಹಿತಿ ಕಳುವಾಯಿತು, ಆಮೇಲೆ ಕಂಪನಿ ಗ್ರಾಹಕರಿಗೆ ಟೋಕನ್‌ಗಳನ್ನೇ ಬದಲಿಸಿಕೊಡಬೇಕಾಯಿತು.

ಇಲ್ಲಿ ಎರಡು ವಿಷಯ ಗುರುತು ಹಾಕಿಕೊಳ್ಳಿ. ಪ್ಯಾಚ್ ಇಲ್ಲದ ದೋಷವಾದ್ದರಿಂದ 'ಎಲ್ಲ ಅಪ್‌ಡೇಟ್ ಮಾಡಿದ್ದೇನೆ' ಎಂಬ ಧೈರ್ಯ ಆ ದಿನ ಕೆಲಸ ಮಾಡುತ್ತಿರಲಿಲ್ಲ. ಎರಡನೆಯದಾಗಿ, ಜಂಕ್‌ನಲ್ಲಿರುವ ಮೇಲ್‌ನ ಅಟ್ಯಾಚ್‌ಮೆಂಟನ್ನು ಹೊರಗೆ ತರುವುದೆಂದರೆ ಒಂದು ಯಂತ್ರದ ತೀರ್ಪನ್ನು ನಾವು ತಿದ್ದುವುದು. ಅದಕ್ಕೆ ಕುತೂಹಲ ಸಾಲದು, ಗಟ್ಟಿ ಕಾರಣ ಬೇಕು.

ಹೆಸರಿನ ಕೊನೆಯ ತುಂಡು

2000ರ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟು ಜಗತ್ತಿನ ಮೇಲ್ ಸರ್ವರ್‌ಗಳನ್ನು ಕಂಗೆಡಿಸಿದ 'ಐ ಲವ್ ಯೂ' ವರ್ಮ್‌ನ (ತನ್ನಷ್ಟಕ್ಕೆ ಹರಡುವ ವೈರಸ್) ಫೈಲ್ ಹೆಸರಿಗೆ ಎರಡು ಎಕ್ಸ್‌ಟೆನ್ಶನ್, ಅಂದರೆ ಫೈಲ್ ಯಾವ ಬಗೆಯದೆಂದು ಹೇಳುವ ಕೊನೆಯ ತುಂಡು, ಇದ್ದವು: ಮೊದಲು ಡಾಟ್ ಟಿಎಕ್ಸ್‌ಟಿ, ಅದರಾಚೆ ಡಾಟ್ ವಿಬಿಎಸ್. ವಿಂಡೋಸ್ ತನಗೆ ಗೊತ್ತಿರುವ ಎಕ್ಸ್‌ಟೆನ್ಶನ್‌ಗಳನ್ನು ತಾನಾಗಿ ಮರೆಮಾಡುತ್ತದೆ. ಹಾಗಾಗಿ ಜನ ಕಂಡದ್ದು ಸಾದಾ ಪಠ್ಯದ ಫೈಲ್, ಓಡಿದ್ದು ಸ್ಕ್ರಿಪ್ಟ್. ಅದು ಔಟ್‌ಲುಕ್‌ನ ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನೇ ಕಳಿಸಿಕೊಂಡಿತು, ಹೀಗಾಗಿ ಮುಂದಿನವರಿಗೆ ಅದು ಪರಿಚಿತರ ಮೇಲ್ ಆಗಿಯೇ ತಲುಪಿತು.

ಇಷ್ಟು ವರ್ಷಗಳ ನಂತರವೂ ಆ ಸೆಟ್ಟಿಂಗ್ ಹಾಗೆಯೇ ಇದೆ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಟಿಕ್ ಹಾಕಿ. ಈ ಟಿಪ್ಪಣಿ ಓದುತ್ತಿರುವಾಗಲೇ ಮಾಡಿಬಿಡಿ.

ಇಎಕ್ಸ್‌ಇ, ಜೆಎಸ್, ವಿಬಿಎಸ್, ಎಲ್‌ಎನ್‌ಕೆ, ಐಎಸ್‌ಒ ಇವು ಪ್ರೋಗ್ರಾಮ್ ಓಡಿಸುವ ಅಥವಾ ಒಳಗೆ ಅಡಗಿಸಿಡಬಲ್ಲ ಫೈಲ್‌ಗಳು, ಯಾವ ಬಿಲ್ಲಿಗೂ ರೆಸ್ಯೂಮೆಗೂ ಬೇಕಿಲ್ಲ. ಎಚ್‌ಟಿಎಂಎಲ್ ಫೈಲ್ ಮಾತ್ರ ತುಸು ಬೇರೆ: ಅದು ಬ್ರೌಸರ್‌ನಲ್ಲಿ ತೆರೆದುಕೊಂಡು, ನಿಮ್ಮ ಮೇಲ್ ಕಂಪನಿಯದ್ದೇ ಎನ್ನುವಂತಹ ಲಾಗಿನ್ ಪುಟ ತೋರಿಸುತ್ತದೆ. ಅಡ್ರೆಸ್ ಬಾರ್‌ನಲ್ಲಿ ವೆಬ್‌ಸೈಟ್ ಹೆಸರಿನ ಬದಲು ನಿಮ್ಮದೇ ಡೌನ್‌ಲೋಡ್ಸ್ ಫೋಲ್ಡರ್‌ನ ದಾರಿ ಕಂಡರೆ ಪಾಸ್‌ವರ್ಡ್ ಹಾಕುವ ಪ್ರಶ್ನೆಯೇ ಇಲ್ಲ. ವಾಟ್ಸಾಪ್‌ನಲ್ಲಿ ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್ ಎಂದು ಬರುವ ಎಪಿಕೆ ಫೈಲ್‌ಗಳೂ ಇದೇ ಜಾತಿ. ಆಮಂತ್ರಣ ಓದಲು ಆ್ಯಪ್ ಇನ್‌ಸ್ಟಾಲ್ ಮಾಡಬೇಕಿಲ್ಲ.

ಹಳದಿ ಪಟ್ಟಿ

ವರ್ಡ್, ಎಕ್ಸೆಲ್ ಫೈಲ್‌ಗಳಲ್ಲಿ ಅಡಗುವ ಮ್ಯಾಕ್ರೋಗಳು, ಅಂದರೆ ಚಿಕ್ಕ ಪ್ರೋಗ್ರಾಮ್‌ಗಳು, ಬಹುಕಾಲ ದಾಳಿಕೋರರ ಮೆಚ್ಚಿನ ದಾರಿಯಾಗಿದ್ದವು. ಫೈಲ್ ತೆರೆದರೆ ಮಸುಕಾದ ಚಿತ್ರ, ಮೇಲೊಂದು ಸೂಚನೆ: ವಿಷಯ ಕಾಣಲು ಹಳದಿ ಪಟ್ಟಿಯಲ್ಲಿರುವ 'ಎನೇಬಲ್ ಕಂಟೆಂಟ್' ಒತ್ತಿ. ಒತ್ತುವ ತನಕ ಮ್ಯಾಕ್ರೋ ಸುಮ್ಮನಿರುತ್ತದೆ, ಒತ್ತಿದ್ದು ನಾವೇ ಆಗಿರುತ್ತೇವೆ. ಮೈಕ್ರೋಸಾಫ್ಟ್ 2022ರಲ್ಲಿ ಇಂಟರ್ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋಗಳನ್ನು ತಾನಾಗಿ ತಡೆಯತೊಡಗಿತು. ಹೊರಗಿನಿಂದ ಇಳಿದ ಫೈಲಿಗೆ ವಿಂಡೋಸ್ ಅಂಟಿಸುವ ಗುರುತಿನ ಆಧಾರದ ಮೇಲೆ ಈ ತಡೆ ನಡೆಯುತ್ತದೆ. ಪ್ರಾಪರ್ಟೀಸ್‌ನಲ್ಲಿ ಕಾಣುವ 'ಅನ್‌ಬ್ಲಾಕ್' ಆ ಗುರುತನ್ನೇ ಅಳಿಸುತ್ತದೆ. ಯಾವುದೇ ಮೇಲ್ 'ಮೊದಲು ಅನ್‌ಬ್ಲಾಕ್ ಮಾಡಿ' ಎಂದು ಹಂತ ಹಂತವಾಗಿ ಕಲಿಸಿದರೆ ಅಲ್ಲೇ ನಿಲ್ಲಿ.

ಪಾಸ್‌ವರ್ಡ್ ಯಾರಿಗೆ ಗೊತ್ತು?

ಈ ಭಾಗವೇ ನಮ್ಮವರಿಗೆ ಹೆಚ್ಚು ಮುಖ್ಯ. 'ಪಾಸ್‌ವರ್ಡ್ ಹಾಕಿದ ಅಟ್ಯಾಚ್‌ಮೆಂಟ್ ಅಪಾಯ' ಎಂದು ಎಷ್ಟೋ ಕಡೆ ಬರೆದಿರುತ್ತದೆ. ಆದರೆ ಭಾರತದಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಬರುವುದೇ ಪಾಸ್‌ವರ್ಡ್ ಇರುವ ಪಿಡಿಎಫ್ ಆಗಿ. ರಿಟರ್ನ್ ಪರಿಶೀಲಿಸಿ ಆದಾಯ ತೆರಿಗೆ ಇಲಾಖೆ ಕಳಿಸುವ 143(1) ಇಂಟಿಮೇಷನ್ ತೆರೆಯಲು ಸಣ್ಣಕ್ಷರದಲ್ಲಿ ಪ್ಯಾನ್, ಅದರ ಹಿಂದೆಯೇ ಹುಟ್ಟಿದ ದಿನಾಂಕ ಹಾಕಬೇಕು. ಇ-ಆಧಾರ್‌ಗೆ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಜೊತೆಗೆ ಹುಟ್ಟಿದ ವರ್ಷ. ಇವನ್ನೆಲ್ಲ ಅನುಮಾನಿಸುತ್ತಾ ಕೂರಲಾದೀತೇ?

ವ್ಯತ್ಯಾಸ ಇರುವುದು ಪಾಸ್‌ವರ್ಡ್ ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ಬ್ಯಾಂಕಿನ ಫೈಲಿಗೆ ಬೇಕಾದ ಪಾಸ್‌ವರ್ಡ್ ನಿಮಗೆ ಮೊದಲೇ ಗೊತ್ತಿರುವ ವಿವರಗಳಿಂದ ಆಗಿರುತ್ತದೆ, ಮೇಲ್‌ನಲ್ಲಿ ಅದರ ಸೂತ್ರ ಮಾತ್ರ ಇರುತ್ತದೆ. ಮೇಲ್ ಬೇರೆಯವರ ಕೈಗೆ ಸಿಕ್ಕರೂ ಸ್ಟೇಟ್‌ಮೆಂಟ್ ಸಿಗಬಾರದು ಎಂಬುದೇ ಅದರ ಉದ್ದೇಶ. ದಾಳಿಕೋರನ ಜಿಪ್ ಫೈಲಿನ ಪಾಸ್‌ವರ್ಡ್ ನಿಮಗೆ ಗೊತ್ತಿರುವುದಿಲ್ಲವಾದ್ದರಿಂದ ಅವನು ಅದನ್ನು ಅದೇ ಮೇಲ್‌ನಲ್ಲೇ ಬರೆದಿರುತ್ತಾನೆ: 'ಪಾಸ್‌ವರ್ಡ್: 4471' ಎಂಬಂತೆ. ಬೀಗವನ್ನೂ ಕೀಲಿಯನ್ನೂ ಒಟ್ಟಿಗೆ ಕೊಟ್ಟರೆ ಆ ಬೀಗ ನಿಮ್ಮ ಗೌಪ್ಯತೆಗಲ್ಲ, ನಡುವೆ ಪರೀಕ್ಷಿಸುವ ಮೇಲ್ ಸ್ಕ್ಯಾನರ್‌ನ ಕಣ್ಣು ತಪ್ಪಿಸಲು. ನಿಜವಾದ ಆಫೀಸುಗಳಲ್ಲೂ ಹೀಗೆ ಕಳಿಸುವವರು ಇದ್ದಾರೆ ಎಂಬುದು ಬೇಸರದ ಸಂಗತಿ. ಆ ಅಭ್ಯಾಸ ಬಿಡಿಸಬೇಕು. ಸೂತ್ರ ಸರಿಯಾಗಿದೆ ಎಂದಮಾತ್ರಕ್ಕೆ ಫೈಲ್ ಅಸಲಿ ಎಂದೂ ಅಲ್ಲ, ಸೋರಿಕೆಯಾದ ಪ್ಯಾನ್ ವಿವರ ಇಟ್ಟುಕೊಂಡು ಯಾರಾದರೂ ಅದನ್ನು ಅನುಕರಿಸಬಹುದು. ತೆರಿಗೆ ನೋಟಿಸ್ ಎಂಬ ಮೇಲ್ ಬಂದರೆ ಅಟ್ಯಾಚ್‌ಮೆಂಟ್ ಮುಟ್ಟದೆ, ವಿಳಾಸ ನೀವೇ ಟೈಪ್ ಮಾಡಿ ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ ಅಲ್ಲೇ ನೋಡಿ.

ಕೇಳುವುದು ಹೇಗೆ

ಎಮೊಟೆಟ್ ಎಂಬ ಮಾಲ್‌ವೇರ್ ಕದ್ದ ಹಳೆಯ ಮೇಲ್ ಮಾತುಕತೆಗಳಿಗೇ ಉತ್ತರದಂತೆ ಹೊಸ ಫೈಲ್ ಕಳಿಸುತ್ತಿತ್ತು. ಕೆಳಗೆ ನೀವು ನಿಜವಾಗಿ ಬರೆದ ಸಾಲುಗಳು, ಮೇಲೆ ವಿಷದ ಫೈಲ್. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದರ ಸರ್ವರ್‌ಗಳನ್ನು ವಶಪಡಿಸಿಕೊಂಡರೂ ಅದೇ ವರ್ಷದ ನವೆಂಬರ್‌ನಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಇಂಥ ಕಡೆ ರಿಪ್ಲೈ ಒತ್ತಿ 'ಇದು ನೀವೇ ಕಳಿಸಿದ್ದಾ?' ಎಂದು ಕೇಳಿದರೆ 'ಹೌದು' ಎನ್ನುವವನೂ ಕಳ್ಳನೇ ಆಗಿರಬಹುದು. ಫೋನ್ ಮಾಡಿ. ನಂಬರನ್ನು ಆ ಮೇಲ್‌ನಿಂದ ತೆಗೆದುಕೊಳ್ಳಬೇಡಿ, ಹಳೆಯ ಬಿಲ್ಲಿನಿಂದಲೋ ನಿಮ್ಮ ಕಾಂಟ್ಯಾಕ್ಟ್ಸ್‌ನಿಂದಲೋ ತೆಗೆದುಕೊಳ್ಳಿ. 'ಸರ್, ಈಗಷ್ಟೇ ನಿಮ್ಮ ಮೇಲ್‌ನಿಂದ ಬಿಲ್ ಅಂತ ಒಂದು ಜಿಪ್ ಬಂದಿದೆ, ಕಳಿಸಿದ್ರಾ?' ಇಷ್ಟು ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಅವರ ಮೇಲ್ ಖಾತೆಯೇ ಕಳ್ಳರ ಕೈಗೆ ಹೋಗಿದ್ದರೆ ಅವರಿಗೂ ಅದು ನಿಮ್ಮಿಂದಲೇ ಮೊದಲು ಗೊತ್ತಾಗುತ್ತದೆ.

ಕೆಲಸಕ್ಕಾಗಿ ನೋಡಲೇಬೇಕಾದ ರೆಸ್ಯೂಮೆಯಂಥವನ್ನು ಡೌನ್‌ಲೋಡ್ ಮಾಡದೆ ಜಿಮೇಲ್‌ನ ಪ್ರಿವ್ಯೂನಲ್ಲಿ ಓದಿ. ಫೈಲನ್ನು ಗೂಗಲ್ ಸರ್ವರ್ ಓದಿ ಪುಟದ ರೂಪದಲ್ಲಿ ತೋರಿಸುವುದರಿಂದ ಒಳಗಿನ ಮ್ಯಾಕ್ರೋ ನಿಮ್ಮ ಕಂಪ್ಯೂಟರ್‌ನಲ್ಲಿ ಓಡುವುದಿಲ್ಲ. ಒಳಗಿರುವ ಲಿಂಕ್, ಕ್ಯೂಆರ್ ಕೋಡ್‌ಗಳ ಅಪಾಯ ಮಾತ್ರ ಹಾಗೆಯೇ ಉಳಿಯುತ್ತದೆ.

ಫೈಲನ್ನು ಹಲವು ಆ್ಯಂಟಿವೈರಸ್‌ಗಳಿಂದ ಪರೀಕ್ಷಿಸಿ ಹೇಳುವ ವೈರಸ್‌ಟೋಟಲ್ ವೆಬ್‌ಸೈಟ್ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಅಪ್‌ಲೋಡ್ ಮಾಡಿದ ಫೈಲ್ ಅದರ ಚಂದಾದಾರ ಸಂಶೋಧಕರಿಗೂ ಸಿಗುತ್ತದೆ. ಗ್ರಾಹಕರ ಪ್ಯಾನ್, ಸಂಬಳದ ಪಟ್ಟಿ ಇರಬಹುದಾದ ಫೈಲನ್ನು ಪರೀಕ್ಷೆಗೆಂದು ಅಲ್ಲಿ ಹಾಕಿದರೆ ಸೋರಿಕೆ ನಮ್ಮಿಂದಲೇ ಆದಂತೆ. ಬದಲಿಗೆ ವಿಂಡೋಸ್‌ನಲ್ಲಿ ಆದೇಶ ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಆದೇಶ ಕೊಟ್ಟು ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ಪಡೆದು, ಅದನ್ನು ಮಾತ್ರ ಅಲ್ಲಿ ಹುಡುಕಿ. ಏನೂ ಸಿಗದಿದ್ದರೆ ಫೈಲ್ ಶುದ್ಧ ಎಂದಲ್ಲ, ಅಲ್ಲಿಗೆ ಅದನ್ನು ಇನ್ನೂ ಯಾರೂ ತಂದಿಲ್ಲ ಎಂದಷ್ಟೇ.

ತೆರೆದಾಗಿದ್ದರೆ

ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ ಕೀಳಿ. ಮೇಲ್ ಡಿಲೀಟ್ ಮಾಡಬೇಡಿ, ತನಿಖೆಗೆ ಅದು ಬೇಕು. ಆಫೀಸಿನ ಯಂತ್ರವಾದರೆ ಐಟಿಯವರಿಗೆ ಆ ಕ್ಷಣವೇ ಹೇಳಿ, ಹೇಳಲು ಬಂದವರನ್ನು ಬೈಯುವ ಮ್ಯಾನೇಜರ್ ಇದ್ದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಪಾಸ್‌ವರ್ಡ್ ಬದಲಿಸುವುದು ಬೇರೆ ಫೋನ್ ಅಥವಾ ಕಂಪ್ಯೂಟರ್‌ನಿಂದ, ಜೊತೆಗೆ ಎಲ್ಲ ಕಡೆಯ ಲಾಗಿನ್‌ಗಳನ್ನೂ ಸೈನ್ ಔಟ್ ಮಾಡಿ. ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೂ ಕೂಡಲೇ ಕರೆ ಮಾಡಿ, ತಡವಾದಷ್ಟೂ ಹಣ ತಡೆಹಿಡಿಯುವ ಅವಕಾಶ ಕಡಿಮೆಯಾಗುತ್ತದೆ. ಸಂಸ್ಥೆಗಳಾದರೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಅದಕ್ಕೆ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು.

ಅಭ್ಯಾಸಕ್ಕೆ

ಜಿಮೇಲ್‌ನಲ್ಲಿ ಯಾವುದಾದರೂ ಮೇಲ್ ತೆರೆದು ಮೂರು ಚುಕ್ಕಿಯ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿ, ಕಳಿಸಿದ ವಿಳಾಸದ ಡೊಮೇನ್ ನಿಜವೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಸಾಲುಗಳು 'ಪಾಸ್' ಆಗಿವೆಯೇ ನೋಡಿ. ಆ್ಯಂಟಿವೈರಸ್ ಎಚ್ಚರವಾಗಿದೆಯೇ ಎಂದು ತಿಳಿಯಲು ಐಕಾರ್ ಪರೀಕ್ಷಾ ಫೈಲ್ ಇದೆ: 68 ಅಕ್ಷರಗಳ ನಿರಪಾಯ ಪಠ್ಯ, ಅದನ್ನು ವೈರಸ್ ಎಂದು ಗುರುತಿಸಲು ಆ್ಯಂಟಿವೈರಸ್ ತಯಾರಕರು ಒಪ್ಪಿಕೊಂಡಿದ್ದಾರೆ. ಸ್ವಂತ ಕಂಪ್ಯೂಟರ್‌ನಲ್ಲೇ ಪ್ರಯತ್ನಿಸಿ. ಆಫೀಸಿನದರಲ್ಲಿ ಮಾಡಿದರೆ ಸೆಕ್ಯುರಿಟಿ ತಂಡಕ್ಕೆ ನಿಜವಾದ ಅಲರ್ಟೇ ಹೋಗುತ್ತದೆ.