ಕಂಚಿನ ಹಲ್ಲುಗಳಿಗೆ ಸಿಕ್ಕ ಚಂದ್ರ

ಗ್ರೀಸಿಗೆ ಅಧ್ಯಯನ ಪ್ರವಾಸ ಹೋಗುವ ವಿದ್ಯಾರ್ಥಿಗಳ ಬಸ್ಸು ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತದೆ: ಕೊರಿಂಥ್, ನೆಮಿಯಾ, ಒಲಿಂಪಿಯಾ, ಡೆಲ್ಫಿ, ಮತ್ತೆ ಅಥೆನ್ಸ್. ಅಲ್ಲಿನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಮುತ್ತುವುದು ಟ್ರಾಯ್ ಯುದ್ಧದ ಕಥೆಯ ಗ್ರೀಕ್ ದೊರೆಯ ಹೆಸರು ಹೊತ್ತ ‘ಅಗಮೆಮ್ನಾನನ ಮುಖವಾಡ’ವನ್ನು. 1876ರಲ್ಲಿ ಜರ್ಮನ್ ಪುರಾತತ್ವಜ್ಞ ಷ್ಲೀಮನ್ ಮೈಸಿನಿಯಲ್ಲಿ ಅಗೆದು ತೆಗೆದ ಆ ಚಿನ್ನದ ತಗಡು ಟ್ರಾಯ್ ಯುದ್ಧದ ಕಾಲವೆನ್ನುವುದಕ್ಕಿಂತ ಸುಮಾರು 300 ವರ್ಷ ಹಳೆಯದು. ಇರಲಿ, ನನ್ನ ತಕರಾರು ಬೇರೆ. ಅದೇ ಕಟ್ಟಡದಲ್ಲಿ ಕಿಲುಬು ಹಿಡಿದ ಕೆಲವು ಕಂಚಿನ ಮುದ್ದೆಗಳಿವೆ: ಆಕಾಶದ ಲೆಕ್ಕ ಹಾಕಲು ಪ್ರಾಚೀನ ಗ್ರೀಕರು ಮಾಡಿದ ‘ಆ್ಯಂಟಿಕಿಥೆರಾ ಯಂತ್ರ’ದ ಚೂರುಗಳು. ಅವುಗಳ ಬಗ್ಗೆ ಮಾತು ಬಂದರೆ ‘ಅನ್ಯಗ್ರಹದವರ ಕೆಲಸ’ ಎನ್ನುವವರೊಬ್ಬರು ಎಲ್ಲಿಂದಲೋ ಹಾಜರಾಗುತ್ತಾರೆ.

ಗ್ರೀಸಿನ ಆ್ಯಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗನ್ನು 1900ರಲ್ಲಿ ಕಂಡವರು ಸ್ಪಂಜು ಹೆಕ್ಕುವ ಮುಳುಗುಗಾರರು. 1902ರಲ್ಲಿ ಗ್ರೀಕ್ ಪುರಾತತ್ವಜ್ಞ ವಲೇರಿಯೋಸ್ ಸ್ಟಾಯಿಸ್ ಅಲ್ಲಿಂದ ತಂದ ಮುದ್ದೆಯೊಂದರಲ್ಲಿ ಹಲ್ಲುಚಕ್ರ ಇರುವುದನ್ನು ಗುರುತಿಸಿದರು. 2005ರ ಎಕ್ಸ್-ರೇ ಸ್ಕ್ಯಾನ್ ಒಳಗನ್ನೆಲ್ಲ ಬಯಲು ಮಾಡಿತು. ಉಳಿದಿರುವ ಚಕ್ರಗಳೇ 30, ಅದರಲ್ಲಿ ಒಂದಕ್ಕೆ 223 ಹಲ್ಲು. 223 ಚಾಂದ್ರಮಾಸಗಳಿಗೆ, ಅಂದರೆ ಸುಮಾರು 18 ವರ್ಷ 11 ದಿನಗಳಿಗೆ, ಗ್ರಹಣಗಳ ಸರಣಿ ಮರುಕಳಿಸುತ್ತದೆ. ಹಿಡಿಕೆ ತಿರುಗಿಸಿದರೆ ಗ್ರಹಣ ಬೀಳಬಹುದಾದ ತಿಂಗಳು ಯಂತ್ರದ ಹಿಂಬದಿಯಲ್ಲಿ ಸುರುಳಿಯಾಗಿ ಕೊರೆದ ಮುಖಬಿಲ್ಲೆಯ ಮೇಲೆ ಸಿಗುತ್ತಿತ್ತು. ಈಗಲೂ ಗ್ರಹಣದ ದಿನ ನೀರಿನ ಕೊಡಕ್ಕೆ ದರ್ಭೆ ಹಾಕುವ ನಾವು ಇದನ್ನು ಓದಿ ಸ್ವಲ್ಪ ನಾಚಬೇಕು. ಇನ್ನೊಂದು ಸುರುಳಿಯಲ್ಲಿ 19 ವರ್ಷಕ್ಕೆ 235 ತಿಂಗಳು: ಹನ್ನೆರಡರಂತೆ 228, ಮೇಲೆ ಏಳು. ನಮ್ಮ ಪಂಚಾಂಗದಲ್ಲಿ 19 ವರ್ಷಕ್ಕೆ ಸಾಮಾನ್ಯವಾಗಿ ಏಳು ಅಧಿಕಮಾಸ ಬೀಳುವುದೂ ಇದೇ ಲೆಕ್ಕಕ್ಕೆ.

ನನ್ನನ್ನು ಮರುಳು ಮಾಡಿದ್ದು ಮಾತ್ರ ಒಂದು ಪುಟ್ಟ ಮೊಳೆ. ಚಂದ್ರ ಭೂಮಿಗೆ ಹತ್ತಿರವಿದ್ದಾಗ ಓಡುತ್ತಾನೆ, ದೂರವಿದ್ದಾಗ ತೆವಳುತ್ತಾನೆ. ಸಮವಾಗಿ ತಿರುಗುವ ಚಕ್ರಕ್ಕೆ ಈ ಓಟ, ಈ ತೆವಳಿಕೆ ಕಲಿಸುವುದು ಹೇಗೆ? ಒಂದರ ಮೇಲೊಂದು ಎರಡು ಚಕ್ರ, ತಲಾ 50 ಹಲ್ಲು, ಅಚ್ಚುಗಳು ಮಾತ್ರ ಸುಮಾರು ಒಂದು ಮಿಲಿಮೀಟರ್ ಆಚೀಚೆ. ಒಂದರ ಮೊಳೆ ಇನ್ನೊಂದರ ಸೀಳಿನಲ್ಲಿ ಜಾರುತ್ತಾ ಅದನ್ನು ತಳ್ಳುತ್ತದೆ. ಅಶ್ವತ್ಥಕಟ್ಟೆಗೆ ಒಬ್ಬರು ಒಂದೇ ನಡಿಗೆಯಲ್ಲಿ ಪ್ರದಕ್ಷಿಣೆ ಬರುತ್ತಿದ್ದಾರೆ, ನೀವು ಕಟ್ಟೆಯ ಒಂದು ಅಂಚಿನಲ್ಲಿ ಕುಳಿತು ಅವರನ್ನೇ ನೋಡುತ್ತಿದ್ದೀರಿ ಎನ್ನಿ (ಮರ ಅಡ್ಡ ಬರುವುದನ್ನು ಮರೆತುಬಿಡಿ). ಪಕ್ಕದಲ್ಲಿ ಹಾದಾಗ ನಿಮ್ಮ ಕತ್ತು ಸರ್ರನೆ ಹೊರಳಬೇಕು, ಆಚೆ ಬದಿಯಲ್ಲಿದ್ದಾಗ ಮೆಲ್ಲಗೆ ತಿರುಗಿದರೆ ಸಾಕು. ಪ್ರದಕ್ಷಿಣೆಯವರು ಮೊಳೆ, ನಿಮ್ಮ ಕತ್ತು ಸೀಳು. ಬೀಸುವ ಕಲ್ಲು ಗೊತ್ತಿದ್ದವರು ಗೂಟ ಹಿಡಿದ ಕೈಯನ್ನು ನೆನೆಯಲಿ: ಕಲ್ಲು ಸಮನಾಗಿ ಸುತ್ತಿದರೂ ಗೂಟ ಮೈಯ ಹತ್ತಿರ ಬಂದಾಗ ತೋಳು ಹೊರಳುವ ಬಿರುಸೇ ಬೇರೆ. ಇಷ್ಟು ಸಾಲದೆಂಬಂತೆ, ಚಂದ್ರನ ಓಟ ಬಿರುಸಾಗುವ ಜಾಗವೂ ಆಕಾಶದಲ್ಲಿ ಮೆಲ್ಲನೆ ಸರಿಯುತ್ತದೆ, ಸುಮಾರು ಒಂಬತ್ತು ವರ್ಷಕ್ಕೊಂದು ಸುತ್ತು. ಅದಕ್ಕಾಗಿ ಆ ಕಮ್ಮಾರ ಈ ಜೋಡಿಯನ್ನು ಅದೇ ನಿಧಾನದಲ್ಲಿ ತಿರುಗುವ 223 ಹಲ್ಲಿನ ಚಕ್ರದ ಬೆನ್ನ ಮೇಲೆಯೇ ಕೂರಿಸಿದ್ದಾನೆ!

ಹಿಂಬದಿಯಲ್ಲಿ ನಾಲ್ಕು ವರ್ಷಗಳ ಒಂದು ಸಣ್ಣ ಮುಖಬಿಲ್ಲೆಯೂ ಇದೆ. ಯಾವ ವರ್ಷ ಯಾವ ಕ್ರೀಡಾಕೂಟ ಎಂದು ಅದರ ಸುತ್ತ ಕೊರೆದಿದ್ದಾರೆ. ಒಲಿಂಪಿಯಾ, ನೆಮಿಯಾ, ಕೊರಿಂಥ್ ಪಕ್ಕದ ಇಸ್ಥ್ಮಿಯಾ, ಡೆಲ್ಫಿಯಲ್ಲಿ ನಡೆಯುತ್ತಿದ್ದ ಪಿಥಿಯಾ: ವಿದ್ಯಾರ್ಥಿಗಳ ಬಸ್ಸು ಹಾದುಬಂದ ಊರುಗಳೇ. ನೆಮಿಯಾದ ಓಟದ ಪಂದ್ಯ ಯಾವ ವರ್ಷ ಎಂಬ ಚಿಂತೆ ಅನ್ಯಗ್ರಹದವರಿಗೆ ಏಕಿತ್ತೋ, ಬಲ್ಲವರು ಹೇಳಲಿ.